ಶರತ್ಕಾಲದಲ್ಲಿ ಹೊಂಡದ ನೀರು ಕದಡುವುದೇಕೆ?

ಶರದೃತುವಿನಲ್ಲಿ ಕೊಳದ ನೀರು ತಿಳಿಯಾಗುತ್ತದೆ ಎಂಬುದು ಕಾವ್ಯದ ಮಾತು. ಮಂಡ್ಯ ಜಿಲ್ಲೆಯ ಹೊಂಡಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಇಲ್ಲಿ ಹೆಚ್ಚಿನ ಮಳೆ ಬೀಳುವುದು ಜೂನ್–ಜುಲೈನಲ್ಲಲ್ಲ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಹಸ್ತ, ಚಿತ್ತಾ ಮಳೆಗಳಿಗೆ ತುಂಬಿದ ಹೊಂಡ ದೀಪಾವಳಿ ಕಳೆದರೂ ಬಗ್ಗಡವಾಗಿಯೇ ಉಳಿಯುವುದುಂಟು. ಆಗ ಪಟಿಕ ಎಷ್ಟು ಹಾಕಬೇಕೆಂಬ ಪ್ರಶ್ನೆ ಏಳುತ್ತದೆ. ಆದರೆ ಕದಡಿಗೆ ಮುಖ್ಯ ಕಾರಣಗಳು ಮೂರು; ಪಟಿಕ ಮದ್ದಾಗುವುದು ಒಂದಕ್ಕೆ ಮಾತ್ರ.

ಮೊದಲು ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ಒಂದು ದಿನ ಅಲುಗಾಡಿಸದೆ ಇಡಬೇಕು. ಮಣ್ಣು ತಳಕ್ಕಿಳಿದು ನೀರು ತಿಳಿಯಾದರೆ ಅದು ಗೋಡು. ಹೊಂಡದಲ್ಲಿಯೂ ತಾನಾಗಿಯೇ ಇಳಿಯುತ್ತದೆ. ಹಾಗೆ ಇಳಿಯದಿದ್ದರೆ ದಂಡೆಗಳನ್ನು ಮಳೆ ಕೊರೆಯುತ್ತಿದೆ, ಇಲ್ಲವೇ ಸಾಮಾನ್ಯ ಗೆಂಡೆ ಮೀನು ತಳವನ್ನು ಕೆದಕುತ್ತಿದೆ ಎಂದರ್ಥ. ಬಾಟಲಿಯ ನೀರು ಮರುದಿನವೂ ಕೆಂಪಾಗಿಯೇ ಇದ್ದರೆ ಅದು ಅತಿ ನುಣ್ಣನೆಯ ಜೇಡಿ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಗಳಿಂದ ಹರಿದುಬರುವ ನೀರಿನಲ್ಲಿ ಇದನ್ನು ನಿರೀಕ್ಷಿಸಬಹುದು. ಈ ಕಣಗಳ ಗಾತ್ರ ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರತಿಯೊಂದರ ಮೈಮೇಲೂ ಋಣ ವಿದ್ಯುದಂಶವಿರುವುದರಿಂದ ಅವು ಪರಸ್ಪರ ವಿಕರ್ಷಿಸುತ್ತವೆ, ಗುಂಪುಗೂಡಿ ತೂಕ ಪಡೆಯುವುದಿಲ್ಲ. ಲವಣಾಂಶವಿರುವ ಗಡಸು ನೀರು ಈ ವಿಕರ್ಷಣೆಯನ್ನು ಕುಗ್ಗಿಸುತ್ತದೆ. ಮಳೆನೀರಿನಲ್ಲಿ ಲವಣ ಅತ್ಯಲ್ಪ.

ಪಟಿಕದ ಅಲ್ಯೂಮಿನಿಯಂ, ಜಿಪ್ಸಂನ ಕ್ಯಾಲ್ಸಿಯಂ ಈ ವಿದ್ಯುದಂಶವನ್ನು ತಣಿಸುತ್ತವೆ. ಒಂದು ಲಕ್ಷ ಲೀಟರ್ ನೀರಿಗೆ 1.5ರಿಂದ 2.5 ಕಿಲೋ ಪಟಿಕ ಸಾಕು. ಒಂದು ಬಕೆಟ್ ನೀರಿನಲ್ಲಿ ಇದೇ ಪ್ರಮಾಣದಲ್ಲಿ ಪರೀಕ್ಷಿಸಿದ ನಂತರವೇ ಹೊಂಡಕ್ಕೆ ಹಾಕುವುದು ಸೂಕ್ತ. ಪಟಿಕವು ನೀರನ್ನು ಆಮ್ಲೀಯಗೊಳಿಸುವುದರಿಂದ, ಮೀನಿರುವ ಮೆದು ನೀರಿಗೆ ಅದರ ಅರ್ಧದಷ್ಟು ಅರಳಿದ ಸುಣ್ಣವನ್ನೂ ಕೊಡಬೇಕು. ಜಿಪ್ಸಂ ಇದೇ ನೀರಿಗೆ 10ರಿಂದ 30 ಕಿಲೋ ಬೇಕಾಗುತ್ತದೆ, ಕೆಲಸವೂ ನಿಧಾನ. ಆದರೆ ಮೀನಿಗೆ ಸುರಕ್ಷಿತ.

ಎರಡನೆಯ ಕದಡು ಹಸಿರು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಗದ್ದೆ, ಕಬ್ಬಿನ ತಾಕುಗಳಿಂದ ಗೊಬ್ಬರದ ಅಂಶ ಹೊಂಡಕ್ಕಿಳಿದಾಗ, ಮಳೆ ಬಿಟ್ಟ ಬಿಸಿಲಿಗೆ ಪಾಚಿ ಹೆಚ್ಚುತ್ತದೆ. ಮಿತವಾಗಿದ್ದರೆ ಅದು ಕಾಟ್ಲಾ, ರೋಹು ಮೀನುಗಳ ಸಾಕಣೆಗೆ ಆಸರೆಯೇ. ತೋಳನ್ನು ಮೊಣಕೈವರೆಗೆ ಅದ್ದುವ ಮೊದಲೇ ಅಂಗೈ ಕಾಣದಾದರೆ ಸೆಗಣಿ, ಕೋಳಿಗೊಬ್ಬರ, ಯೂರಿಯಾ ನಿಲ್ಲಿಸಿ, ಸಾಧ್ಯವಾದರೆ ಹೊಸ ನೀರು ಬಿಡಬೇಕು. ಇಲ್ಲಿ ಪಟಿಕ ಸುರಿಯುವುದು ಅಪಾಯಕರ: ಪಾಚಿ ಒಮ್ಮೆಲೇ ತಳಕ್ಕಿಳಿದು ಕೊಳೆತರೆ ಆಮ್ಲಜನಕ ಕುಸಿದು ರಾತ್ರೋರಾತ್ರಿ ಮೀನು ಸಾಯಬಹುದು.

ಮೂರನೆಯದು ಕಪ್ಪು ಕದಡು. ಮೋಡ ಮುಚ್ಚಿದ ದಿನಗಳ ಬಳಿಕ ತಣ್ಣನೆಯ ಮಳೆ ಸುರಿದರೆ, ತಂಪಾದ ಮೇಲ್ಪದರದ ನೀರು ಭಾರವಾಗಿ ಕೆಳಗಿಳಿಯುತ್ತದೆ. ತಳದ ಆಮ್ಲಜನಕವಿಲ್ಲದ ನೀರು ಹೂಳಿನೊಡನೆ ಮೇಲೇರುತ್ತದೆ. ಕೊಳೆತ ಮೊಟ್ಟೆಯ ವಾಸನೆ, ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುವ ಮೀನು ಇದರ ಗುರುತು. ಇಂಥ ಹೊತ್ತಿನಲ್ಲಿ ಔಷಧ ಹುಡುಕುತ್ತಾ ಕಾಲ ಕಳೆಯಬಾರದು. ತಕ್ಷಣ ಆಹಾರ ನಿಲ್ಲಿಸಿ, ಪಂಪಿನಿಂದ ಮೇಲ್ಪದರದ ನೀರನ್ನೇ ಎತ್ತಿ ಹೊಂಡಕ್ಕೆ ಚಿಮ್ಮಿಸಬೇಕು. ಬಿಸಿಲೇರುವ ತನಕ ಪಂಪು ನಿಲ್ಲಬಾರದು.

ಪಾಲಿಥಿನ್ ಹಾಸಿದ ಹೊಂಡಗಳಿಗೆ ಜೇಡಿ ಬಹುಪಾಲು ಒಳಹರಿವಿನೊಡನೆಯೇ ಬರುತ್ತದೆ. ಆದ್ದರಿಂದ ಒಳಹರಿವಿನ ಮುಂದೆ ಹೂಳುಗುಂಡಿ ತೋಡಿ, ಬದುಗಳಲ್ಲಿ ಲಾವಂಚ ನೆಡಬೇಕು. ಗುಂಡಿ ಗೋಡನ್ನಷ್ಟೇ ತಡೆಯುತ್ತದೆ. ನುಣ್ಣನೆಯ ಜೇಡಿಯನ್ನು ಹೊಲದಲ್ಲಿಯೇ ಹಿಡಿಯುವುದು ಹುಲ್ಲಿನ ಬೇರು. ಹನಿ ನೀರಾವರಿ ಇದ್ದವರು ಈ ತಿಂಗಳುಗಳಲ್ಲಿ ಮರಳಿನ ಶೋಧಕವನ್ನು ಹಿಮ್ಮುಖ ಹರಿವಿನಿಂದ ಹೆಚ್ಚು ಸಲ ತೊಳೆಯಬೇಕಾಗುತ್ತದೆ.