ರಿಚ್ಮಂಡ್ ಟೌನಿನ ಬಾಗಿಲು, ಜೇಬಿನೊಳಗಿನ ಫೋನು

1976ರ ಮೇ 1ರ ರಾತ್ರಿ ಒಂಬತ್ತರ ಸುಮಾರಿಗೆ ಬೆಂಗಳೂರು ದಂಡು ಪ್ರದೇಶದ ರಿಚ್ಮಂಡ್ ಟೌನಿನಲ್ಲಿದ್ದ ಫರ್ನಾಂಡಿಸ್ ಕುಟುಂಬದ ಮನೆಗೆ ಪೊಲೀಸರು ಬಂದರು. ಅವರಿಗೆ ಬೇಕಾಗಿದ್ದವರು ತುರ್ತು ಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್. ಕರೆದೊಯ್ದದ್ದು ತಮ್ಮ ಲಾರೆನ್ಸ್‌ರನ್ನು. ಇನ್ನೊಬ್ಬ ತಮ್ಮ ಮೈಕೆಲ್ ಅದಾಗಲೇ ಬೆಂಗಳೂರು ಜೈಲಿನಲ್ಲಿದ್ದರು. ಬಂಧನವನ್ನು ಪ್ರಶ್ನಿಸಿದ್ದ ಅವರ ಹೇಬಿಯಸ್ ಕಾರ್ಪಸ್ ಅರ್ಜಿಯ ಬಗ್ಗೆ ವಿಚಾರಿಸಬೇಕಿದೆ ಎಂಬುದು ನೆಪ. ಆಮೇಲೆ ಎಷ್ಟೋ ದಿನ ಮನೆಯವರಿಗೆ ಲಾರೆನ್ಸ್ ಎಲ್ಲಿದ್ದಾರೆಂಬುದೇ ಗೊತ್ತಾಗಲಿಲ್ಲ. ಕೊನೆಗೆ ಜೈಲಿನಲ್ಲಿ ಮಗನನ್ನು ಕಂಡ ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಲಾಠಿ ಮುರಿಯುವವರೆಗೆ ಹೊಡೆದದ್ದು, ಇಬ್ಬರ ಆಸರೆಯಿಲ್ಲದೆ ಮಗ ಹೆಜ್ಜೆ ಇಡಲಾರದ್ದು ಎಲ್ಲವನ್ನೂ ಆಕೆ ಅದರಲ್ಲಿ ಬರೆದಿದ್ದರು.

ಪೊಲೀಸರು ಆ ಬಾಗಿಲು ಬಡಿಯುವುದಕ್ಕೆ ಮೂರು ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವನು, ಬಂಧನ ಅಕ್ರಮವೇ ಆಗಿದ್ದರೂ, ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದಿತ್ತು. ಈ ಎರಡು ತಾರೀಖುಗಳನ್ನು ಜೊತೆಗಿಟ್ಟು ನೋಡಿದರೆ ಎದೆ ನಡುಗುತ್ತದೆ.

ಆ ತೀರ್ಪಿನ ಬೇರೂ ನಮ್ಮ ಊರಿನಲ್ಲಿದೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ 26ರಂದು ಇಲ್ಲಿಯೇ ಬಂಧಿಸಲಾಗಿತ್ತು. ಅವರ ಅರ್ಜಿಗಳನ್ನು ವಿಚಾರಣೆಗೇ ತೆಗೆದುಕೊಳ್ಳಬಾರದು ಎಂದು ಸರ್ಕಾರ ವಾದಿಸಿತು. ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡದಲ್ಲಿ ಕೂತಿದ್ದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಅದಕ್ಕೆ ಒಪ್ಪಲಿಲ್ಲ. ಅದರ ವಿರುದ್ಧದ ಮೇಲ್ಮನವಿಯೂ ಜಬಲ್ಪುರದ ಪ್ರಕರಣದ ಜೊತೆ ಸೇರಿತು. ಚಂದ್ರಶೇಖರ್ ಅಲಹಾಬಾದಿಗೆ ವರ್ಗವಾದರು, ಸದಾನಂದಸ್ವಾಮಿ ಗುವಾಹಟಿಗೆ. ಸುಪ್ರೀಂ ಕೋರ್ಟಿನಲ್ಲಿ ಒಬ್ಬರೇ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರನ್ನು ದೇಶ ನೆನೆಯುತ್ತದೆ, ನೆನೆಯಲೇಬೇಕು. ಆದರೆ ನಮ್ಮ ಈ ಇಬ್ಬರ ಹೆಸರು ಬೆಂಗಳೂರಿಗರ ಬಾಯಲ್ಲೇ ಇಲ್ಲ ಎಂಬುದು ನನಗೆ ಸಹಿಸಲಾಗದ ಮರೆವು.

ತುರ್ತು ಪರಿಸ್ಥಿತಿಯ ಮಾತು ಹಾಗಿರಲಿ, ಬಾಗಿಲು ಬಡಿದು ಒಳಬರುವ ಪೊಲೀಸರ ಶೋಧಕ್ಕೆ ಕಟ್ಟುಪಾಡು ಮೊದಲಿನಿಂದಲೂ ಇತ್ತು. ಸ್ಥಳೀಯರಾದ ಇಬ್ಬರು ಗೌರವಸ್ಥ ಪಂಚರಿರಬೇಕು, ಮಹಜರಿಗೆ ಅವರ ಸಹಿ ಬೀಳಬೇಕು, ವಾರಂಟ್ ಇಲ್ಲದೆ ನುಗ್ಗುವುದಾದರೆ ಕಾರಣವನ್ನು ಮೊದಲೇ ಬರೆದಿಡಬೇಕು. ಬ್ರಿಟಿಷರ ಕಾಲದಿಂದ ಬಂದ ನಿಯಮಗಳಿವು. ಕಾಗದದ ಮೇಲೆ ಅಚ್ಚುಕಟ್ಟು. ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆದ ಮಹಜರಿಗೆ, ಪಕ್ಕದ ಟೀ ಅಂಗಡಿಯಲ್ಲಿ ನಿಂತವನನ್ನು ಕರೆದು ಸಹಿ ಹಾಕಿಸಿದರೆ ಆ ಅಚ್ಚುಕಟ್ಟು ಉಳಿಯುವುದಿಲ್ಲ.

ಇವು ಬರೀ ಕಾರ್ಯವಿಧಾನದ ನಿಯಮಗಳು, ಹಕ್ಕಲ್ಲ. ದಾಲ್ಮಿಯಾ ಸಮೂಹದ ಮೇಲಿನ ಶೋಧದ ಪ್ರಕರಣದಲ್ಲಿ 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, ಶೋಧದ ವಿರುದ್ಧ ಅಮೆರಿಕದಲ್ಲಿರುವಂಥ ಖಾಸಗಿತನದ ರಕ್ಷಣೆಯನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಎಂದಿತು. 1962ರಲ್ಲಿ ಖರಕ್ ಸಿಂಗ್ ಪ್ರಕರಣ ಬಂತು. ದರೋಡೆ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಆತನ ಮನೆಯ ಬಾಗಿಲನ್ನು ಪೊಲೀಸರು ರಾತ್ರಿ ಹೊತ್ತು ತಟ್ಟುತ್ತಲೇ ಇದ್ದರು. ಹಾಗೆ ರಾತ್ರಿ ಮನೆಗೆ ಬರುವುದು ತಪ್ಪು ಎಂದ ನ್ಯಾಯಾಲಯ, ಖಾಸಗಿತನ ಮಾತ್ರ ಮೂಲಭೂತ ಹಕ್ಕಲ್ಲ ಎಂದುಬಿಟ್ಟಿತು. ರೌಡಿ ಪಟ್ಟಿಯಲ್ಲಿ ಹೆಸರಿರುವವರ ಮನೆಗಳ ಮೇಲೆ ನಸುಕಿನಲ್ಲಿ ನಡೆಯುವ ದಾಳಿಗಳ ಸುದ್ದಿ ಓದಿದಾಗಲೆಲ್ಲ ನನಗೆ ಖರಕ್ ಸಿಂಗ್ ನೆನಪಾಗುತ್ತಾನೆ.

ಮುಂದಿನ ಐದು ದಶಕ ಹಕ್ಕು ಇದೆ, ಇಲ್ಲ ಎಂಬ ತುಯ್ದಾಟದಲ್ಲೇ ಕಳೆಯಿತು. ಫೋನ್ ಕದ್ದಾಲಿಕೆಯ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಗಾದಿ ಬಿಟ್ಟದ್ದು ಆ ನಡುವಿನ ಮಾತು.

ಗಂಟು ಬಿಚ್ಚಿದವರೂ ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಸರ್ಕಾರ 1954 ಮತ್ತು 1962ರ ಆ ಎರಡು ಹಳೆಯ ತೀರ್ಪುಗಳನ್ನೇ ಮುಂದಿಟ್ಟು, ಖಾಸಗಿತನದ ಹಕ್ಕೇ ಇಲ್ಲ ಎಂದಿತು. ಎಂಟು ಜನ ಹೇಳಿದ್ದನ್ನು ಪರಿಶೀಲಿಸಲು ಒಂಬತ್ತು ಜನ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಅದೇ ತೀರ್ಪಿನಲ್ಲಿ ಎಡಿಎಂ ಜಬಲ್ಪುರವೂ ರದ್ದಾಯಿತು. ರಿಚ್ಮಂಡ್ ಟೌನಿನ ಆ ರಾತ್ರಿಗೂ ಈ ತೀರ್ಪಿನ ದಿನಕ್ಕೂ ನಡುವೆ 41 ವರ್ಷ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಶೋಧ ಬೀರು, ಟ್ರಂಕಿಗೆ ನಿಲ್ಲುವುದಿಲ್ಲ. ರಾತ್ರಿ ನಾಕಾಬಂದಿಯಲ್ಲಿ ಹುಡುಗರನ್ನು ನಿಲ್ಲಿಸಿ, ಫೋನ್ ಅನ್‌ಲಾಕ್ ಮಾಡಿಸಿ, ವಾಟ್ಸ್‌ಆ್ಯಪ್ ತಡಕಿದ ದೂರುಗಳು ಈ ನಗರದಲ್ಲಿ ಮತ್ತೆ ಮತ್ತೆ ಕೇಳಿಬಂದಿವೆ. ಇದಕ್ಕೂ ನಮ್ಮ ಹೈಕೋರ್ಟೇ ದಾರಿ ತೋರಿಸಿದೆ. ಮಾದಕವಸ್ತು ಪ್ರಕರಣದ ಆರೋಪಿಯೊಬ್ಬರ ಅರ್ಜಿಯಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2021ರ ಮಾರ್ಚ್ 12ರಂದು ತೀರ್ಪಿತ್ತರು. ಫೋನ್ ಶೋಧಿಸಲು ಸಾಮಾನ್ಯವಾಗಿ ವಾರಂಟ್ ಬೇಕು. ತುರ್ತಿದ್ದರೆ ವಾರಂಟಿಲ್ಲದೆ ನೋಡಬಹುದು, ಆದರೆ ಕಾರಣ ಬರೆದಿಡಬೇಕು. ಸಿಕ್ಕ ಮಾಹಿತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಪಾಸ್‌ವರ್ಡ್ ಕೊಡಿಸುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯುವಂತೆ ಮಾಡಿದಂತಲ್ಲ ಎಂಬ ಅದರ ಭಾಗ ನನಗೆ ಒಪ್ಪಿಗೆಯಿಲ್ಲ. ಬೀರುವಿನಲ್ಲಿ ಒಂದಷ್ಟು ಕಾಗದವಿರುತ್ತದೆ, ಫೋನಿನಲ್ಲಿ ಇಡೀ ಬದುಕೇ ಇರುತ್ತದೆ. ಆದರೂ ಬೀದಿಯಲ್ಲಿ ನಿಂತ ಹುಡುಗನ ಕೈಗೆ ಆ ತೀರ್ಪು ಕೊಟ್ಟದ್ದು ಕಡಿಮೆಯೇನಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯ ದೃಶ್ಯ-ಧ್ವನಿ ಮುದ್ರಣ ಕಡ್ಡಾಯ, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಟೀ ಅಂಗಡಿಯ ಪಂಚನಿಗಿಂತ ಇದು ಗಟ್ಟಿ ಸಾಕ್ಷಿ.

ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಗೆ ನನ್ನದೊಂದು ಮನವಿ. 2021ರ ತೀರ್ಪಿನ ಮಾರ್ಗಸೂಚಿಯನ್ನೂ 105ನೇ ಕಲಮನ್ನೂ ಕನ್ನಡ, ತಮಿಳು, ಉರ್ದುವಿನಲ್ಲಿ ಬರೆಸಿ, ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಠಾಣೆಗಳ ಗೋಡೆಗೆ ಹಾಕಿಸಿ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಹಾಕಿಸಿ.