ಕಜ್ಜಾಯ ಎಣ್ಣೆಯಲ್ಲಿ ಒಡೆಯುವುದು ಯಾಕೆ?



ದೀಪಾವಳಿ ಎಂದರೆ ಪಟಾಕಿ ಎಂದು ತುಂಬಾ ಜನ ಬರೆಯುತ್ತಾರೆ. ಆದರೆ ನಮ್ಮ ಮಂಡ್ಯದ ಕಡೆ ದೀಪಾವಳಿ ಎಂದರೆ ಕಜ್ಜಾಯ. ಹೋದ ದೀಪಾವಳಿಯಲ್ಲಿ ನಾನು ಬಿಟ್ಟ ಮೊದಲನೇ ಕಜ್ಜಾಯ ಬಾಣಲೆಯಲ್ಲಿ ಚೂರು ಚೂರಾಗಿ ಹೋಯಿತು. ಅದು ಯಾಕೆ ಹಾಗಾಯಿತು ಎಂದು ಆಮೇಲೆ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಬೇಕಾಗುವ ಸಾಮಾನುಗಳು: ಅಕ್ಕಿ 1 ಕೆ.ಜಿ., ಬೆಲ್ಲ ಮುಕ್ಕಾಲು ಕೆ.ಜಿ., ಎಳ್ಳು, ಗಸಗಸೆ, ಏಲಕ್ಕಿ, ಒಂದು ಚಮಚ ತುಪ್ಪ, ಕರಿಯಲು ಎಣ್ಣೆ.

ಬೆಲ್ಲಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಯಿತು. ನಾಲೆ ನೀರು ಬಂದ ಮೇಲೆ ಇಲ್ಲಿ ಕಬ್ಬು ಹೆಚ್ಚಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಆಯಿತು. ಊರೂರಲ್ಲಿ ಆಲೆಮನೆಗಳೂ ಇದ್ದವು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕೆಲವರು ಹೈಡ್ರೋಸ್ ಎಂಬ ಪುಡಿ ಹಾಕುವುದೂ ಉಂಟು. ಅದಕ್ಕೇ ನಮ್ಮಜ್ಜಿ ಕಪ್ಪು ಬೆಲ್ಲವನ್ನೇ ತರಿಸುತ್ತಾರೆ.

ಮಾಡುವ ವಿಧಾನ: ಅಕ್ಕಿಯನ್ನು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಪಂಚೆಯ ಮೇಲೆ ನೆರಳಲ್ಲಿ ಹರಡಬೇಕು. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಒಣಗಿದ ಅಕ್ಕಿಯ ಹಿಟ್ಟಾದರೆ ಕಜ್ಜಾಯ ಗಡುಸಾಗುತ್ತದೆ. ಆಮೇಲೆ ಬೆಲ್ಲ ಕರಗಿಸಿ, ಸೋಸಿ, ಪಾಕ ಕಾಯಿಸಬೇಕು. ಪಾಕ ಬಂತಾ ಎಂದು ನೋಡಲು ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಬಿಡಬೇಕು. ಅದು ಕರಗಬಾರದು, ಬೆರಳಲ್ಲಿ ಸೇರಿಸಿದರೆ ಮೆತ್ತಗೆ ಉಂಡೆ ಆಗಬೇಕು. ತಕ್ಷಣ ಇಳಿಸಿ ಎಳ್ಳು, ಗಸಗಸೆ, ಏಲಕ್ಕಿ, ತುಪ್ಪ, ಹಿಟ್ಟು ಹಾಕಿ ತಿರುವಿ, ಮುಚ್ಚಿ ಒಂದು ರಾತ್ರಿ ಇಡಬೇಕು. ಮಾರನೇ ದಿನ ಬಾಳೆಲೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಬೇಯಿಸಿ, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಬಸಿಯಬೇಕು.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಪಾಕ ನೋಡುತ್ತಿದ್ದವರು ಪಕ್ಕದ ಮನೆ ದೊಡ್ಡವ್ವ. ಎರಡು ಮನೆಯ ಕಜ್ಜಾಯವೂ ನಮ್ಮ ಹಿತ್ತಿಲ ಒಲೆಯಲ್ಲೇ ಆಗುತ್ತಿತ್ತು. ಹೋದ ವರ್ಷ ಶ್ರಾವಣದಲ್ಲಿ ದೊಡ್ಡಪ್ಪ ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ನೆಂಟರು, ಅಕ್ಕಪಕ್ಕದವರು ತಂದುಕೊಡಬೇಕು. ದೊಡ್ಡವ್ವ ಒಲೆ ಹತ್ತಿರ ಬರಲಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಅವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹೀಗಾಗಿ ಪಾಕ ನೋಡುವ ಕೆಲಸ ನನಗೆ ಬಂತು. ಹೊಗೆ ತಡೆಯಲಾರದೆ ನಾನು ಬೇಗ ‘ಬಂತು ಅಜ್ಜಿ’ ಎಂದುಬಿಟ್ಟೆ.

ಮಾರನೇ ದಿನ ಎಣ್ಣೆಗೆ ಬಿಟ್ಟ ಕೂಡಲೇ ಕಜ್ಜಾಯ ನೊರೆ ಎದ್ದು ಒಡೆದು ಹರಡಿತು. ನನಗೆ ಅಳು ಬಂತು. ದೊಡ್ಡವ್ವನ ಮನೆಗೆ ಏನು ಕೊಡುವುದು? ಅಜ್ಜಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿ, “ಎಳೇ ಪಾಕ ಕನವ್ವ, ನೀರು ಉಳ್ಕಂಡದೆ” ಅಂದರು.

ಇದರಲ್ಲಿ ವಿಜ್ಞಾನವೂ ಇದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಲ್ಲದ ನೀರು ಕುದಿದು ನೀರಿನಂಶ ಕಡಿಮೆ ಆದಂತೆ ಅದರ ಶಾಖ ಏರುತ್ತದೆ. ಉಂಡೆ ಪಾಕ ಬರುವಾಗ ಸುಮಾರು 115 ಡಿಗ್ರಿ ಇರುತ್ತದೆ. ಮೊದಲೇ ಇಳಿಸಿದರೆ ನೀರು ಹೆಚ್ಚು ಉಳಿಯುತ್ತದೆ. ಬಿಸಿ ಎಣ್ಣೆಯಲ್ಲಿ ಆ ನೀರು ಆವಿಯಾಗಿ ನುಗ್ಗಿ ಬಂದು ಕಜ್ಜಾಯವನ್ನು ಒಡೆಯುತ್ತದೆ. ಪಾಕ ಜಾಸ್ತಿ ಆದರೆ ಕಜ್ಜಾಯ ಕಲ್ಲಾಗುತ್ತದೆ.

ಅಜ್ಜಿ ಯಾವಾಗಲೂ ಎರಡು ಹಿಡಿ ಹಿಟ್ಟು ತೆಗೆದಿಟ್ಟಿರುತ್ತಾರೆ. ಅದನ್ನು ಹಾಕಿ ನಾದಿದ ಮೇಲೆ ಕಜ್ಜಾಯ ಒಡೆಯಲಿಲ್ಲ. ಮೊದಲು ದೇವರಿಗೆ ಇಟ್ಟೆವು. ಆಮೇಲೆ ಹತ್ತು ಕಜ್ಜಾಯವನ್ನು ಬಾಳೆಲೆಯಲ್ಲಿ ಸುತ್ತಿ ದೊಡ್ಡವ್ವನಿಗೆ ಕೊಟ್ಟು ಬಂದೆ. ಅವರು ಒಂದನ್ನು ಮುರಿದು ನೋಡಿ, “ಪಾಕ ಯಾರವ್ವ ನೋಡಿದ್ದು?” ಎಂದು ಕೇಳಿದರು. ನಾನೇ ಎಂದೆ. “ಒಸಿ ಗಟ್ಟಿ ಆಗದೆ. ಬರೋ ವರ್ಸ ನಾನೇ ಬತ್ತೀನಿ, ಇಬ್ರೂ ನೋಡವ” ಎಂದು ಹೇಳಿ ಅರ್ಧ ತಿಂದರು. ದೊಡ್ಡಪ್ಪ ಹೋದ ಮೇಲೆ ಅವರು ಸಿಹಿ ಬಾಯಿಗೆ ಇಟ್ಟಿದ್ದು ಅದೇ ಮೊದಲು ಎಂದು ಅವ್ವ ಹೇಳಿದರು.

ನಿಮಗೆ ಗೊತ್ತೇ? ಇದೇ ಕಜ್ಜಾಯವನ್ನು ತಮಿಳಿನಲ್ಲಿ ಅದಿರಸ, ತೆಲುಗಿನಲ್ಲಿ ಅರಿಸೆಲು ಎನ್ನುತ್ತಾರೆ. ಹೆಸರು ಬೇರೆ, ಅಕ್ಕಿ ಮತ್ತು ಪಾಕದ ಕಷ್ಟ ಒಂದೇ.

ಈ ಹಬ್ಬಕ್ಕೆ ನೀವೂ ಮನೆಯಲ್ಲಿ ದೊಡ್ಡವರ ಜೊತೆ ಕೂತು ಪಾಕ ನೋಡಲು ಕಲಿಯಿರಿ. ಒಬ್ಬರೇ ಬಾಣಲೆ ಹತ್ತಿರ ಹೋಗಬೇಡಿ. ಎರಡು ಹಿಡಿ ಹಿಟ್ಟು ತೆಗೆದಿಡಿ. ಹಬ್ಬ ಇಲ್ಲದ ಮನೆಗೆ ಮರೆಯದೆ ಕೊಟ್ಟು ಬನ್ನಿ.

– 7ನೇ ತರಗತಿ ವಿದ್ಯಾರ್ಥಿನಿ