ಹಿತ್ತಲಿನ ನೆಲದುಂಬಿಯನ್ನು ಗುರುತಿಸುವ ಕ್ರಮ

ತಿಪ್ಪೆಯ ಗೊಬ್ಬರವನ್ನು ತೋಡುವಾಗಲಾಗಲಿ, ಸೌದೆಯ ಒಟ್ಟಿಲನ್ನು ಸರಿಸುವಾಗಲಾಗಲಿ ದೊಡ್ಡದೊಂದು ಕಪ್ಪು ದುಂಬಿಯು ಕಂಡುಬಂದರೆ, ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ಹುಳುವೆಂದೇ ಭಾವಿಸಿ ಅದನ್ನು ಮೆಟ್ಟಿ ಕೊಲ್ಲುವವರುಂಟು. ಆದರೆ ಅನ್ಯ ಹುಳುಗಳನ್ನು ಹಿಡಿದು ತಿಂದು ರೈತನಿಗೆ ನೆರವಾಗುವ ನೆಲದುಂಬಿಯೂ ಇಂತಹ ಸ್ಥಳಗಳಲ್ಲಿಯೇ ಹಗಲನ್ನು ಕಳೆಯುತ್ತದೆ. ಆದಕಾರಣ ಕೊಲ್ಲುವುದಕ್ಕೆ ಮುಂಚೆ ಗುರುತಿಸುವುದು ಅವಶ್ಯಕ.

ದಕ್ಷಿಣ ಭಾರತದ ಒಣಪ್ರದೇಶಗಳಲ್ಲಿ ಕಾಣಬರುವ ನೆಲದುಂಬಿಗಳಲ್ಲಿ ಆರು ಚುಕ್ಕೆಯ ದುಂಬಿಯನ್ನು ತಿಳಿಯುವುದು ಸುಲಭ. 1775ರಲ್ಲಿ ಫಾಬ್ರಿಶಿಯಸ್ ಎಂಬ ವಿದ್ವಾಂಸನು ಇದನ್ನು ವರ್ಣಿಸಿದನು. ಆಂಥಿಯಾ ಸೆಕ್ಸ್‌ಗಟ್ಟಾಟಾ ಎಂಬುದು ಇದರ ಶಾಸ್ತ್ರೀಯ ನಾಮ. ಉದ್ದವು ಸುಮಾರು ಒಂದೂವರೆ ಅಂಗುಲ, ಬಣ್ಣವು ಕಡುಗಪ್ಪು. ತಲೆಯ ಹಿಂದಿನ ಎದೆಭಾಗದ ಮೇಲೆ ಎರಡು, ಬೆನ್ನನ್ನು ಮುಚ್ಚುವ ಗಟ್ಟಿ ರೆಕ್ಕೆಗಳ ಮೇಲೆ ನಾಲ್ಕು, ಹೀಗೆ ಆರು ಬಿಳಿಯ ಚುಕ್ಕೆಗಳಿರುತ್ತವೆ. ದವಡೆಗಳು ಇಕ್ಕಳದಂತೆ ಮುಂದಕ್ಕೆ ಚಾಚಿರುತ್ತವೆ. ಮೀಸೆಗಳು ದಾರದಂತೆಯೂ ಕಾಲುಗಳು ನೀಳವಾಗಿಯೂ ಇರುತ್ತವೆ. ಇದು ಹಾರಲಾರದು, ನೆಲದ ಮೇಲೆ ವೇಗವಾಗಿ ಓಡುವುದು.

ಕುರುವಾಯಿಯ ಮೈ ದಪ್ಪ, ಅದಕ್ಕೆ ಚುಕ್ಕೆಗಳಿಲ್ಲ. ತಲೆಯ ಮೇಲೆ ಹಿಂದಕ್ಕೆ ಬಾಗಿದ ಕೊಂಬುಂಟು. ಹೆಣ್ಣಿನಲ್ಲಿ ಇದು ಗಿಡ್ಡ. ಮೀಸೆಗಳು ಮೋಟಾಗಿದ್ದು ತುದಿಯಲ್ಲಿ ಎಸಳುಗಳಂತೆ ಮಡಿಚಿರುತ್ತವೆ. ನಡಿಗೆ ನಿಧಾನ, ಆದರೆ ರಾತ್ರಿ ದೀಪದ ಬೆಳಕಿಗೆ ಹಾರಿಬರುವುದು. ಗೊಬ್ಬರದಲ್ಲಿ ಕೊಕ್ಕೆಯಂತೆ ಬಾಗಿ ಮಲಗಿರುವ ದಪ್ಪನೆಯ ಬಿಳಿಯ ಹುಳುಗಳು ಇದರ ಮರಿಗಳಾಗಿರಬಹುದು.

ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ನೆಲದುಂಬಿಯನ್ನು ಬರಿಗೈಯಿಂದ ಹಿಡಿಯತಕ್ಕದ್ದಲ್ಲ. ಕೆಣಕಿದರೆ ಅದು ಹೊಟ್ಟೆಯ ತುದಿಯಿಂದ ಉರಿಯುವ ದ್ರವವನ್ನು ಚಿಮ್ಮಿಸುತ್ತದೆ. ಚಗಳಿ ಇರುವೆಯಲ್ಲಿರುವ ಫಾರ್ಮಿಕ್ ಆಮ್ಲವೇ ಇದರಲ್ಲಿಯೂ ಇರುವುದು. ಮಕ್ಕಳು ಬಗ್ಗಿ ನೋಡುವಾಗ ಇದು ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದ ಪಕ್ಷದಲ್ಲಿ ಕಣ್ಣನ್ನು ಉಜ್ಜದೆ, ಶುದ್ಧವಾದ ನೀರನ್ನು ಧಾರಾಳವಾಗಿ ಬಿಟ್ಟು ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಕುರುವಾಯಿಯನ್ನು ನಿಗ್ರಹಿಸಲು ತಿಪ್ಪೆಯನ್ನು ಆಗಾಗ್ಗೆ ಮಗುಚಿ ಅದರ ಮರಿಗಳನ್ನು ಆರಿಸಿ ಕೊಲ್ಲಬೇಕು. ಚುಕ್ಕೆಯ ದುಂಬಿಯು ಸಿಕ್ಕಿದರೆ ಕಡ್ಡಿಯಿಂದ ಬೇಲಿಯ ಬುಡಕ್ಕೆ ಸರಿಸಿ ಬಿಟ್ಟರೆ ಸಾಕು. ಹಿತ್ತಲಿಗೆಲ್ಲ ವಿಷವನ್ನು ಎರಚಿದರೆ ಮಿತ್ರನೂ ಶತ್ರುವೂ ಒಟ್ಟಿಗೆ ನಾಶವಾಗುವರು. ತರುವಾಯ ರೆಕ್ಕೆಯುಳ್ಳ ಕುರುವಾಯಿಯು ನೆರೆತೋಟದಿಂದ ಪುನಃ ಹಾರಿಬರುವುದು. ಹಾರಲಾರದ ನೆಲದುಂಬಿಯು ಅಷ್ಟು ಬೇಗನೆ ಮರಳಿ ಬಾರದು.